ಆರು ತಿಂಗಳ ಓಟಕ್ಕೆ ನಾಲ್ಕು ವರ್ಷ ಎಳೆಯದಾದ ಮಹಾಪಧಮನಿ

ಮುಂಗೈ ಮೇಲೆ, ಹೆಬ್ಬೆರಳಿನ ಬುಡದ ಹತ್ತಿರ, ಎರಡು ಬೆರಳಿಟ್ಟು ನೋಡಿ. ನಾಡಿ ಮಿಡಿಯುತ್ತಿದೆ. ರಕ್ತ ಹರಿದು ಬಂದು ಬೆರಳಿಗೆ ತಾಗುತ್ತಿದೆ ಎಂದೇ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಹೃದಯ ಈಗಷ್ಟೇ ಹೊರಗೆ ದೂಡಿದ ರಕ್ತ ಇನ್ನೂ ಎದೆಗೂಡಿನ ಒಳಗೇ ಇದೆ! ಅದು ಮುಂಗೈವರೆಗೆ ಬರಲು ಇನ್ನೂ ಹಲವು ಮಿಡಿತ ಬೇಕು. ಬೆರಳಿಗೆ ತಾಗಿದ್ದು ಒಂದು ಅಲೆ. ಹೃದಯ ರಕ್ತವನ್ನು ದೂಡಿದಾಗ, ಅಲ್ಲಿಂದ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಯ ಗೋಡೆ ಉಬ್ಬಿತಲ್ಲ, ಆ ಉಬ್ಬು ನಾಳದ ಗೋಡೆಗುಂಟ ಓಡಿಬಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನ ಹೊತ್ತಿನಲ್ಲಿ ನಿಮ್ಮ ಮುಂಗೈ ಮುಟ್ಟಿತು. ರಕ್ತ ನಡೆದು ಬರುತ್ತದೆ, ಅಲೆ ಓಡಿ ಬರುತ್ತದೆ.

ಈ ಅಲೆಯ ವೇಗದಲ್ಲೇ ನಮ್ಮ ವಯಸ್ಸು ಬರೆದಿಟ್ಟಿದೆ. ಗೋಡೆ ಮೆತ್ತಗಿದ್ದು ಧಾರಾಳವಾಗಿ ಹಿಗ್ಗುವಂತಿದ್ದರೆ ಅಲೆ ನಿಧಾನ. ಗೋಡೆ ಪೆಡಸಾದಷ್ಟೂ ಅಲೆ ಚುರುಕು. ಇಪ್ಪತ್ತರ ಹರೆಯದವರ ಮಹಾಪಧಮನಿಯಲ್ಲಿ ಅದು ಸೆಕೆಂಡಿಗೆ ಐದಾರು ಮೀಟರ್ ಸಾಗಿದರೆ, ಎಪ್ಪತ್ತು ದಾಟಿದ ಹಲವರಲ್ಲಿ ಹತ್ತು, ಹನ್ನೆರಡು ಮೀಟರ್ ಸಾಗುತ್ತದೆ. ಯುರೋಪಿನ ತಜ್ಞರು ಸೆಕೆಂಡಿಗೆ 10 ಮೀಟರ್ ಎಂಬಲ್ಲಿ ಒಂದು ಗೆರೆ ಎಳೆದಿದ್ದಾರೆ, ಅದನ್ನು ದಾಟಿದವರ ಹೃದಯ, ಮಿದುಳುಗಳ ಬಗ್ಗೆ ವೈದ್ಯರು ಎಚ್ಚರ ವಹಿಸಬೇಕು ಎಂದು. ಕೂದಲು ನರೆಯುವುದು, ಚರ್ಮ ಸುಕ್ಕುವುದು ಕನ್ನಡಿಯಲ್ಲಿ ಕಾಣುತ್ತದೆ. ಇದು ಕಾಣುವುದಿಲ್ಲ, ನೋಯುವುದೂ ಇಲ್ಲ. ಎದೆಯ ಒಳಗಿನ ಬೆರಳು ದಪ್ಪದ ಆ ನಾಳ ಸದ್ದಿಲ್ಲದೆ ಬಿಗಿಯುತ್ತಾ ಹೋಗುತ್ತದೆ.

ಬಿಗಿದದ್ದು ಮತ್ತೆ ಸಡಿಲವಾಗುವುದುಂಟೆ? ಮುಪ್ಪು ಹಿಂದಕ್ಕೆ ತಿರುಗುವುದುಂಟೆ?

2020ರ ಜನವರಿಯಲ್ಲಿ ಲಂಡನ್ನಿನಿಂದ ಬಂದ ಉತ್ತರವನ್ನು ಓದಿದಾಗ ನಾನು ಆ ಪುಟವನ್ನು ಬಿಡಲಾರದೆ ಮತ್ತೆ ಮತ್ತೆ ಓದಿದೆ. ಅನೀಶ್ ಭೂವಾ, ಷಾರ್ಲಟ್ ಮ್ಯಾನಿಸ್ಟಿ ಮತ್ತು ಅವರ ಸಂಗಡಿಗರು ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆ ಹಾಗೂ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಮಾಡಿದ ಕೆಲಸ ಅದು. 2016 ಮತ್ತು 2017ರ ಲಂಡನ್ ಮ್ಯಾರಥಾನ್‌ಗೆ ಮೊಟ್ಟಮೊದಲ ಬಾರಿಗೆ ತಯಾರಾಗುತ್ತಿದ್ದ ಸಾಮಾನ್ಯ ಜನರನ್ನು ಅವರು ಆರಿಸಿಕೊಂಡರು. ಕ್ರೀಡಾಪಟುಗಳಲ್ಲ, ಹೆಚ್ಚು ಓಡುವ ಅಭ್ಯಾಸ ಇದ್ದವರೂ ಅಲ್ಲ. ತರಬೇತಿ ಶುರುವಾಗುವ ಮುಂಚೆ ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ಒಂದೊಂದು ಮಿಡಿತಕ್ಕೂ ಮಹಾಪಧಮನಿ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂದು ಅಳೆದರು. ಆಮೇಲೆ ಆರು ತಿಂಗಳು ಅವರ ಪಾಡಿಗೆ ಅವರನ್ನು ಬಿಟ್ಟರು. ವಾರಕ್ಕೆ ಹೆಚ್ಚುಕಡಿಮೆ 10ರಿಂದ 20 ಕಿಲೋಮೀಟರ್ ಓಟ, ಅಷ್ಟೇ. ಓಟದ ದಿನ ಬಂತು, 42.195 ಕಿ.ಮೀ. ಮುಗಿಸಿದರು. ಎರಡು ವಾರ ಕಳೆದು ಮತ್ತೆ ಅದೇ ಯಂತ್ರದೊಳಗೆ ಮಲಗಿದರು. ಹೀಗೆ ಓಟ ಮುಗಿಸಿ ಎರಡನೇ ಬಾರಿಯೂ ಅಳೆಸಿಕೊಂಡವರು 138 ಮಂದಿ, ಕಿರಿಯರಿಗೆ 21, ಹಿರಿಯರಿಗೆ 69 ವರ್ಷ, ಅರ್ಧಕ್ಕರ್ಧ ಹೆಂಗಸರು.

ಎದೆಯಿಂದ ಹೊಟ್ಟೆಯ ಕಡೆಗೆ ಇಳಿಯುವ ಮಹಾಪಧಮನಿಯ ಹಿಗ್ಗುವ ಗುಣ ಒಂದು ಕಡೆ ನೂರಕ್ಕೆ 9ರಷ್ಟು, ಇನ್ನೂ ಕೆಳಗೆ, ಎದೆ ಹೊಟ್ಟೆಗಳ ನಡುವಿನ ವಪೆಯ ಮಟ್ಟದಲ್ಲಿ, ನೂರಕ್ಕೆ 16ರಷ್ಟು ಹೆಚ್ಚಿತ್ತು! ಅದೇ ಗುಂಪಿನಲ್ಲಿ ವಯಸ್ಸಿಗೆ ತಕ್ಕಂತೆ ನಾಳ ಎಷ್ಟು ಬಿಗಿಯುತ್ತದೆ ಎಂಬ ಲೆಕ್ಕ ಮೊದಲೇ ಕೈಯಲ್ಲಿತ್ತು. ಅದರ ಪಕ್ಕಕ್ಕೆ ಇದನ್ನಿಟ್ಟು ನೋಡಿದರೆ ಮಹಾಪಧಮನಿಯ ವಯಸ್ಸು ಸುಮಾರು ನಾಲ್ಕು ವರ್ಷ ಇಳಿದಿತ್ತು. ಹೃದಯದ ಬಳಿಯ ರಕ್ತದೊತ್ತಡವೂ ಮೇಲಿನದು 4, ಕೆಳಗಿನದು 3 ಅಂಕ ತಗ್ಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಸಾಲು. ಹೆಚ್ಚು ಲಾಭ ಆಗಿದ್ದು ಯಾರಿಗೆ? ಎಲ್ಲರಿಗಿಂತ ಮುಂದೆ ಓಡಿದವರಿಗಲ್ಲ. ವಯಸ್ಸಾದವರಿಗೆ, ಗಂಡಸರಿಗೆ, ತಡವಾಗಿ ಗುರಿ ಮುಟ್ಟಿದವರಿಗೆ.

ಈ ಅಳತೆ ನಡೆದ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯೇ ರಕ್ತ ಮೈತುಂಬ ಸುತ್ತುತ್ತದೆ ಎಂದು ತೋರಿಸಿಕೊಟ್ಟ ವಿಲಿಯಂ ಹಾರ್ವೆ ವೈದ್ಯನಾಗಿದ್ದ ಜಾಗ. ಅವನು ಅಲ್ಲಿ ಕೆಲಸಕ್ಕೆ ಸೇರಿದ್ದು 1609ರಲ್ಲಿ, ಅವನ ಪುಸ್ತಕ ಹೊರಬಂದದ್ದು 1628ರಲ್ಲಿ. ನಾಲ್ಕು ಶತಮಾನ ಒಂದೇ ಆಸ್ಪತ್ರೆಯ ಹೆಸರಿನಡಿ ಒಂದೇ ನಾಳದ ಕಥೆ ಬೆಳೆದಿದೆ!

ಈ ಫಲಿತಾಂಶ ಇಷ್ಟು ಬೆರಗು ಹುಟ್ಟಿಸುವುದೇಕೆ ಎಂದು ತಿಳಿಯಬೇಕಾದರೆ ಮಹಾಪಧಮನಿ ಎಂಥ ವಸ್ತು ಎಂಬುದನ್ನು ನೋಡಬೇಕು. ಹೃದಯ ಒಂದು ಮಿಡಿತಕ್ಕೆ ಸುಮಾರು 70 ಮಿಲಿ ಲೀಟರ್ ರಕ್ತ ದೂಡುತ್ತದೆ, ಮರುಗಳಿಗೆ ಬಾಗಿಲು ಮುಚ್ಚಿ ವಿಶ್ರಾಂತಿಗೆ ಇಳಿಯುತ್ತದೆ. ಹಾಗಾದರೆ ರಕ್ತವೂ ನಿಂತು ನಿಂತು ಹರಿಯಬೇಕಿತ್ತು. ಹರಿಯುವುದಿಲ್ಲ! ಕಿರುಬೆರಳ ತುದಿಯ ಅತಿ ಸಣ್ಣ ನಾಳದಲ್ಲೂ ಅದು ಎಡೆಬಿಡದೆ ಹರಿಯುತ್ತದೆ. ಕಾರಣ, ದೂಡಿದ ರಕ್ತದಲ್ಲಿ ಸುಮಾರು ಅರ್ಧ ಮುಂದಕ್ಕೆ ಹೋಗುವುದೇ ಇಲ್ಲ. ಮಹಾಪಧಮನಿ ಮತ್ತು ಅದರ ಹತ್ತಿರದ ದೊಡ್ಡ ನಾಳಗಳು ಉಬ್ಬಿ ಅದನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತವೆ. ಹೃದಯ ಸುಮ್ಮನಾದಾಗ ಆ ಗೋಡೆಗಳು ಹಿಂದಕ್ಕೆ ಕುಗ್ಗಿ ಉಳಿದರ್ಧವನ್ನು ಮುಂದಕ್ಕೆ ಒತ್ತುತ್ತವೆ. ಹೃದಯ ವಿಶ್ರಮಿಸುವ ಅಷ್ಟೂ ಹೊತ್ತು ರಕ್ತವನ್ನು ನಡೆಸುವುದು ಈ ಗೋಡೆಯೇ. ಥೇಮ್ಸ್ ದಡದ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್ ಇದನ್ನು 1733ರಲ್ಲೇ ಕಂಡುಕೊಂಡಿದ್ದ. ಕುದುರೆಯ ನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ, ಅದರಲ್ಲಿ ರಕ್ತ ಎಂಟು ಅಡಿಗೂ ಮೇಲಕ್ಕೆ ಏರಿದ್ದನ್ನು ಅಳೆದು ಬರೆದಿಟ್ಟ, ಜಗತ್ತಿನಲ್ಲಿ ಮೊದಲ ಬಾರಿಗೆ ರಕ್ತದೊತ್ತಡ ಅಳೆದ ಮನುಷ್ಯ ಅವನು. ಆ ಕಾಲದ ಬೆಂಕಿ ಆರಿಸುವ ಪಂಪಿನಲ್ಲಿ ಗಾಳಿ ತುಂಬಿದ ಒಂದು ಕೋಣೆ ಇರುತ್ತಿತ್ತು. ಒತ್ತೊತ್ತಿ ಬಿಟ್ಟ ನೀರು ಅದರಿಂದಾಗಿ ಒಂದೇ ಸಮನೆ ಚಿಮ್ಮುತ್ತಿತ್ತು. ನಾಳದ ಗೋಡೆ ಮಾಡುವುದೂ ಅದೇ ಕೆಲಸ ಎಂದು ಹೇಲ್ಸ್ ಹೇಳಿದ. ಹೃದಯದ ಪಾಠದಲ್ಲಿ ಇಂದಿಗೂ ಅದನ್ನೇ ಕಲಿಸುತ್ತಾರೆ.

ದಿನಕ್ಕೆ ಸುಮಾರು ಒಂದು ಲಕ್ಷ ಸಲ ಉಬ್ಬಬೇಕು, ಒಂದು ಲಕ್ಷ ಸಲ ಕುಗ್ಗಬೇಕು. ಎಪ್ಪತ್ತು ವರ್ಷಕ್ಕೆ 250 ಕೋಟಿಗೂ ಮೀರಿ. ಯಾವ ಕಾರ್ಖಾನೆಯ ರಬ್ಬರು ಇಷ್ಟು ತಡೆದೀತು?

ಇದನ್ನು ತಡೆಯುವ ವಸ್ತುವಿನ ಹೆಸರು ಇಲಾಸ್ಟಿನ್. ಮಹಾಪಧಮನಿಯ ಗೋಡೆಯಲ್ಲಿ ಅದು ಹಾಳೆ ಹಾಳೆಯಾಗಿ, ಒಂದರ ಹೊರಗೆ ಒಂದು ಸುತ್ತಿಕೊಂಡಿರುತ್ತದೆ, ಮನುಷ್ಯರ ಎದೆಯ ಭಾಗದಲ್ಲಿ ಸುಮಾರು ಐವತ್ತರಿಂದ ಅರವತ್ತು ಸುತ್ತು. 1967ರಲ್ಲಿ ವೊಲಿನ್ಸ್ಕಿ ಮತ್ತು ಗ್ಲಾಗೊವ್ ಎಂಬ ಅಮೆರಿಕದ ವಿಜ್ಞಾನಿಗಳು ಇಲಿಯಿಂದ ಹಂದಿಯವರೆಗೆ ಹತ್ತು ಬಗೆಯ ಸಸ್ತನಿಗಳ ಮಹಾಪಧಮನಿಯಲ್ಲಿ ಈ ಸುತ್ತುಗಳನ್ನು ಎಣಿಸಿದರು. ಇಲಿಗೆ ಕೆಲವೇ ಸುತ್ತು, ಹಂದಿಗೆ ಎಪ್ಪತ್ತರ ಆಸುಪಾಸು. ಆದರೆ ಗೋಡೆಯ ಮೇಲೆ ಬೀಳುವ ಒಟ್ಟು ಎಳೆತವನ್ನು ಸುತ್ತುಗಳ ಸಂಖ್ಯೆಯಿಂದ ಭಾಗಿಸಿದಾಗ ಇಲಿಯಲ್ಲೂ, ಹಂದಿಯಲ್ಲೂ, ಮನುಷ್ಯನಲ್ಲೂ ಒಂದೊಂದು ಸುತ್ತಿನ ಪಾಲಿಗೆ ಬಂದ ಹೊರೆ ಹೆಚ್ಚುಕಡಿಮೆ ಒಂದೇ! ಅಂಗೈಯಲ್ಲಿ ಹಿಡಿಸುವ ಪ್ರಾಣಿಗೂ ಕೊಟ್ಟಿಗೆ ತುಂಬುವ ಪ್ರಾಣಿಗೂ ಪ್ರಕೃತಿ ಒಂದೇ ಅಳತೆಯ ಹಾಳೆಯನ್ನು ಕೊಟ್ಟಿದೆ, ಬೇಕಾದಷ್ಟು ಸುತ್ತು ಹೆಚ್ಚಿಸಿದೆ.

ಈ ಇಲಾಸ್ಟಿನ್ ತಯಾರಾಗುವುದು ಬಹುಪಾಲು ತಾಯಿಯ ಹೊಟ್ಟೆಯಲ್ಲಿ ಕೊನೆಯ ತಿಂಗಳುಗಳಲ್ಲಿ ಮತ್ತು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ. ಆಮೇಲೆ ದೇಹ ಅದನ್ನು ಹೊಸದಾಗಿ ಕಟ್ಟುವುದು ತೀರಾ ಕಡಿಮೆ. 1991ರಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ ಬಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಹೆಚ್ಚಿತ್ತಲ್ಲ, ಅದು ಬೆಳೆಗೆ ಸೇರಿ, ಅನ್ನದ ಮೂಲಕ ಜಗತ್ತಿನ ಎಲ್ಲರ ಮೈಗೂ ಸೇರಿತ್ತು. ಆ ಕಾಲಕ್ಕಾಗಲೇ ವಯಸ್ಕರಾಗಿದ್ದವರ ಶ್ವಾಸಕೋಶದ ಇಲಾಸ್ಟಿನ್‌ನಲ್ಲಿ ಆ ಇಂಗಾಲ ಎಷ್ಟಿದೆ ಎಂದು ಹುಡುಕಿದರು. ಬಹಳ ಕಡಿಮೆ ಸಿಕ್ಕಿತು. ಅಂದರೆ ಅವರ ಇಲಾಸ್ಟಿನ್ ಬಾಂಬ್‌ಗಳಿಗಿಂತ ಹಳೆಯದು! ಅದರ ಸರಾಸರಿ ಬಾಳಿಕೆ ಸುಮಾರು 74 ವರ್ಷ ಎಂದು ಲೆಕ್ಕ ಬಂತು. ಮೈಯ ಎಷ್ಟೋ ಭಾಗಗಳು ಸವೆಯುತ್ತ ಹೊಸದಾಗುತ್ತ ಇರುವಾಗ, ತಾಯಿಯ ಒಡಲಲ್ಲಿ ಮತ್ತು ಎಳವೆಯಲ್ಲಿ ನೇಯ್ದ ಈ ಎಳೆ ಮನುಷ್ಯನ ಜೊತೆಗೇ ಮುದುಕಾಗಿ, ಅವನ ಜೊತೆಗೇ ಹೋಗುತ್ತದೆ.

ಇಲಾಸ್ಟಿನ್ ಪಕ್ಕದಲ್ಲೇ ಕೊಲ್ಯಾಜೆನ್ ಇದೆ, ಎಳೆದರೂ ಹಿಗ್ಗದ ಗಟ್ಟಿ ನಾರು. 1957ರಲ್ಲಿ ಮಾರ್ಗೊ ರೋಚ್ ಮತ್ತು ಅಲನ್ ಬರ್ಟನ್ ಎಂಬಿಬ್ಬರು ಕೆನಡಾದಲ್ಲಿ ಬಲು ಚಂದದ ಒಂದು ಪ್ರಯೋಗ ಮಾಡಿದರು. ಒಂದು ನಾಳದಿಂದ ಕೊಲ್ಯಾಜೆನ್ ಕರಗಿಸಿ ತೆಗೆದರು, ಇನ್ನೊಂದರಿಂದ ಇಲಾಸ್ಟಿನ್ ತೆಗೆದರು, ಎರಡನ್ನೂ ಹಿಗ್ಗಿಸಿ ನೋಡಿದರು. ಕಡಿಮೆ ಒತ್ತಡದಲ್ಲಿ ಭಾರ ಹೊರುವುದು ಇಲಾಸ್ಟಿನ್, ಒತ್ತಡ ಏರಿದಾಗ ಕೊಲ್ಯಾಜೆನ್. ಮಕ್ಕಳ ಲಂಗದ ಸೊಂಟಪಟ್ಟಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಒಳಗಿನ ರಬ್ಬರಿನೆಳೆ ಹಿಗ್ಗುತ್ತ ಹೋಗುತ್ತದೆ, ನೆರಿಗೆ ಪೂರ್ತಿ ಬಿಚ್ಚಿಕೊಂಡ ಕೂಡಲೇ ಬಟ್ಟೆ ಬಿಗಿದು ನಿಲ್ಲುತ್ತದೆ. ವಯಸ್ಸಾದಂತೆ ಇಲಾಸ್ಟಿನ್ ಹಾಳೆಗಳು ದಣಿದು ಬಿರುಕು ಬಿಡುತ್ತವೆ, ಹೊರೆ ಕೊಲ್ಯಾಜೆನ್ ಮೇಲೆ ಬೀಳುತ್ತದೆ. ಆ ಕೊಲ್ಯಾಜೆನ್ ಎಳೆಗಳೋ ರಕ್ತದ ಸಕ್ಕರೆಯ ಸಹವಾಸದಲ್ಲಿ ಒಂದಕ್ಕೊಂದು ಗಂಟುಬಿದ್ದು ಇನ್ನಷ್ಟು ಬಿರುಸಾಗಿರುತ್ತವೆ. ಮಧುಮೇಹ ಇರುವವರ ನಾಳ ಬೇಗ ಪೆಡಸಾಗಲು ಇದೂ ಒಂದು ಕಾರಣ.

ಪೆಡಸಾದರೆ ಏನಾಗುತ್ತದೆ? ನಾಳಗಳು ಕವಲೊಡೆಯುವ ಕಡೆಯಲ್ಲೆಲ್ಲ ಅಲೆಯ ಒಂದು ಪಾಲು ಹೃದಯದತ್ತ ಹಿಂದಿರುಗುತ್ತದೆ. ಎಳೆಯರಲ್ಲಿ ಅಲೆ ನಿಧಾನವಾದ್ದರಿಂದ ಅದು ವಾಪಸಾಗುವ ಹೊತ್ತಿಗೆ ಹೃದಯ ತನ್ನ ಕವಾಟ ಮುಚ್ಚಿರುತ್ತದೆ. ಆಗ ಆ ಒತ್ತಡ ಹೃದಯದ ಸ್ವಂತ ನಾಳಗಳಿಗೆ ರಕ್ತ ತುಂಬಲು ನೆರವಾಗುತ್ತದೆ, ಇಷ್ಟು ನಾಜೂಕು ಈ ಹೊಂದಾಣಿಕೆ! ಮುಪ್ಪಿನಲ್ಲಿ ಅಲೆ ಧಾವಿಸಿ ಹೋಗಿ ಧಾವಿಸಿ ಬಂದು, ಹೃದಯ ಇನ್ನೂ ದೂಡುತ್ತಿರುವಾಗಲೇ ಎದುರಾಗುತ್ತದೆ. ಬಿ.ಪಿ.ಯ ಮೇಲಿನ ಅಂಕ ಏರುತ್ತದೆ, ಕೆಳಗಿನದು ಇಳಿಯುತ್ತದೆ, ಹೃದಯದ ಸ್ನಾಯು ದಪ್ಪಗಾಗುತ್ತದೆ. ಸದಾ ಧಾರಾಳವಾಗಿ ರಕ್ತ ಪಡೆಯುವ ಮಿದುಳು ಮತ್ತು ಮೂತ್ರಪಿಂಡದ ನವಿರಾದ ನಾಳಗಳಿಗೆ ಪ್ರತಿ ಮಿಡಿತದ ಪೆಟ್ಟೂ ನೇರ ತಾಗತೊಡಗುತ್ತದೆ.

ಇದನ್ನು ಮೊದಲು ಕಂಡವರಲ್ಲಿ ಒಬ್ಬರ ಮನೆತನದ ಬೇರು ನಮ್ಮ ದೇಶದ್ದು. ಪಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮದ್ ಇಂಗ್ಲೆಂಡಿಗೆ ಹೋಗಿ, 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಮನೆ ತೆರೆದು, ಆಮೇಲೆ ಬ್ರೈಟನ್ ಕಡಲ ತೀರದಲ್ಲಿ ಹಬೆಸ್ನಾನ ಮತ್ತು ಚಂಪಿಯ ಮನೆ ನಡೆಸಿ ಹೆಸರಾದವರು. ಅವರ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ 1849ರಲ್ಲಿ ಹುಟ್ಟಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯರಾದರು. ವಿದ್ಯಾರ್ಥಿಯಾಗಿದ್ದಾಗಲೇ ಅವರು ನಾಡಿಯ ಗೆರೆ ಬರೆಯುವ ಯಂತ್ರವನ್ನು ಸುಧಾರಿಸಿದರು, ಮುಂಗೈ ಮೇಲೆ ಕಟ್ಟಿದರೆ ಒಂದೊಂದು ಮಿಡಿತವೂ ಮಸಿ ಹಿಡಿದ ಕಾಗದದ ಮೇಲೆ ಬೆಟ್ಟ ಕಣಿವೆಯಾಗಿ ಮೂಡುವಂತೆ. ಬಿ.ಪಿ. ನೋಡುವ ತೋಳುಪಟ್ಟಿ ಬರಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದಾಗ, ಬರೀ ಆ ಗೆರೆಯ ಆಕಾರ ನೋಡಿ ಒತ್ತಡ ಏರಿದ್ದನ್ನು ಅವರು ಗುರುತಿಸಿದರು. ರೋಗವಿಲ್ಲದ ಮುದುಕರ ನಾಡಿಯೂ ಒತ್ತಡ ಏರಿದವರ ನಾಡಿಯೂ ಒಂದೇ ಬಗೆಯ ಗೆರೆ ಬರೆಯುತ್ತದೆ ಎಂದು ಕಂಡುಕೊಂಡರು. 1884ರಲ್ಲಿ, ಮೂವತ್ತೈದನೇ ವಯಸ್ಸಿನಲ್ಲಿ, ವಿಷಮಶೀತ ಜ್ವರ ಅವರನ್ನು ಕೊಂಡೊಯ್ದಿತು. ಇಷ್ಟು ಕಿರಿದಾದ ಬದುಕಿನಲ್ಲಿ ಇಷ್ಟು ದೂರ ಕಂಡ ಆ ಕಣ್ಣಿನ ಬಗ್ಗೆ ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಹೆಚ್ಚು ಹೇಳಿಕೊಡಬೇಕು ಅನ್ನಿಸುತ್ತದೆ.

ಅಲೆಯ ಗಣಿತಕ್ಕೂ ಲಂಡನ್ನಿನಲ್ಲೇ ಒಂದು ತುದಿ ಇದೆ. ಪಿ.ಯು.ಸಿ.ಯಲ್ಲಿ ಯಂಗ್ ಮಾಡ್ಯುಲಸ್ ಓದಿದವರಿಗೆಲ್ಲ ಥಾಮಸ್ ಯಂಗ್ ಗೊತ್ತು. ಆತ ವೃತ್ತಿಯಲ್ಲಿ ವೈದ್ಯ! 1808ರಲ್ಲಿ ರಾಯಲ್ ಸೊಸೈಟಿಯಲ್ಲಿ ಹೃದಯ ಮತ್ತು ಅಪಧಮನಿಗಳ ಬಗ್ಗೆ ಉಪನ್ಯಾಸ ಮಾಡಿ, ಗೋಡೆಯ ಹಿಗ್ಗುವ ಗುಣಕ್ಕೂ ಅಲೆಯ ವೇಗಕ್ಕೂ ಇರುವ ನಂಟನ್ನು ವಿವರಿಸಿದ್ದ. 1922ರಲ್ಲಿ ಬ್ರಾಂವೆಲ್ ಮತ್ತು ಎ.ವಿ. ಹಿಲ್ ಆ ನಂಟನ್ನು ವೈದ್ಯರು ಬಳಸಬಹುದಾದ ಸರಳ ಸೂತ್ರಕ್ಕೆ ಇಳಿಸಿದರು. ಈ ಹಿಲ್ ಯಾರು ಗೊತ್ತೆ? ಅದೇ ವರ್ಷದ ಆಸುಪಾಸಿನಲ್ಲಿ ಮ್ಯಾಂಚೆಸ್ಟರಿನ ಹುಲ್ಲಿನ ಮೇಲೆ ಬೆನ್ನಿಗೆ ಚೀಲ ಕಟ್ಟಿಕೊಂಡು ತಾನೇ ಓಡಿ, ಓಡುವ ದೇಹ ಎಷ್ಟು ಆಮ್ಲಜನಕ ಸೆಳೆಯುತ್ತದೆ ಎಂದು ಅಳೆದು, ಇಂದಿನ ವ್ಯಾಯಾಮ ವಿಜ್ಞಾನಕ್ಕೆ ಅಡಿಪಾಯ ಹಾಕಿದವನು. ನಾಳದ ಬಿಗಿಯನ್ನು ಅಳೆಯುವ ಸೂತ್ರ, ಓಟದ ಶಕ್ತಿಯನ್ನು ಅಳೆಯುವ ವಿಧಾನ, ಎರಡೂ ಒಬ್ಬನೇ ಮನುಷ್ಯನ ಕೈಯಿಂದ! ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲು ಮಾತ್ರ ಎಪ್ಪತ್ತು ವರ್ಷ ಹಿಡಿಯಿತು.

1993ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಿಂದ ಮೊದಲ ದೊಡ್ಡ ಸುಳಿವು ಬಂತು. 54ರಿಂದ 75 ವರ್ಷದ ದೀರ್ಘ ಓಟಗಾರರಲ್ಲಿ ಅಲೆಯ ವೇಗ ಅದೇ ವಯಸ್ಸಿನ ಇತರರಿಗಿಂತ ಸುಮಾರು ನೂರಕ್ಕೆ 26ರಷ್ಟು ಕಡಿಮೆ. ಸರಿ, ಆದರೆ ಹುಟ್ಟಿನಿಂದಲೇ ಒಳ್ಳೆಯ ನಾಳ ಇದ್ದವರು ಓಟಗಾರರಾದರೇ, ಓಡಿದ್ದರಿಂದ ನಾಳ ಒಳ್ಳೆಯದಾಯಿತೇ? ಇದನ್ನು ಬಿಡಿಸಲು ಓಡದವರನ್ನು ಎಬ್ಬಿಸಿ ನಡೆಸಿಯೇ ನೋಡಬೇಕು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಹಿರೊಫುಮಿ ತನಾಕ, ಡಗ್ಲಸ್ ಸೀಲ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು ಅದನ್ನೇ. ಐವತ್ತರ ಆಸುಪಾಸಿನ, ಕುಳಿತ ಬದುಕಿನ 20 ಗಂಡಸರು. ಮೂರು ತಿಂಗಳು, ಬಹುಪಾಲು ಬರೀ ನಡಿಗೆ. ಕುತ್ತಿಗೆಯ ಕ್ಯಾರೊಟಿಡ್ ನಾಳವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರೆ ಅದರ ಹಿಗ್ಗುವ ಗುಣ ನೂರಕ್ಕೆ 25ರಷ್ಟು ಏರಿತ್ತು, ವರ್ಷಗಟ್ಟಲೆ ಓಡಿದ ಅವರ ವಯಸ್ಸಿನವರ ಮಟ್ಟಕ್ಕೇ ಬಂದಿತ್ತು! ಅವರ ತೂಕ ಇಳಿದಿರಲಿಲ್ಲ. ಬಿ.ಪಿ. ಬದಲಾಗಿರಲಿಲ್ಲ. ಆಮ್ಲಜನಕ ಸೆಳೆಯುವ ಶಕ್ತಿಯೂ ಹೆಚ್ಚಿರಲಿಲ್ಲ. ತಕ್ಕಡಿಯಲ್ಲಿ ಏನೂ ಕಾಣಲಿಲ್ಲ ಎಂದು ಬೇಸತ್ತು ನಡಿಗೆ ಬಿಡುವ ನನ್ನ ಎಷ್ಟೋ ಬಂಧುಗಳಿಗೆ ಈ ಒಂದು ಮಾತನ್ನು ಕೂರಿಸಿಕೊಂಡು ಹೇಳಬೇಕೆನ್ನಿಸುತ್ತದೆ: ತಕ್ಕಡಿಗೆ ಗೊತ್ತಾಗದ ಬದಲಾವಣೆ ಕುತ್ತಿಗೆಯೊಳಗೆ ಆಗಿಬಿಟ್ಟಿರಬಹುದು.

ಇಲಾಸ್ಟಿನ್ ಮರಳಿ ಹುಟ್ಟುವುದು ತೀರಾ ಕಡಿಮೆ ಎಂದೆವು. ಮೂರು ತಿಂಗಳ ನಡಿಗೆಗೆ ಅದು ಹುಟ್ಟಿತೆಂದು ಯಾರೂ ಹೇಳುತ್ತಿಲ್ಲ. ಹಾಗಾದರೆ ಮೆತ್ತಗಾದದ್ದು ಏನು?

ಗೋಡೆಯಲ್ಲಿ ಜೀವಂತ ಸ್ನಾಯುಕೋಶಗಳಿವೆ. ಅವು ಸದಾ ಒಂದಿಷ್ಟು ಬಿಗಿ ಹಿಡಿದಿರುತ್ತವೆ, ಆ ಬಿಗಿ ಸಡಿಲಾದರೆ ಇಡೀ ಗೋಡೆ ಸಡಿಲ. ಸಡಿಲಿಸುವ ಅಪ್ಪಣೆ ಕೊಡುವುದು ರಕ್ತಕ್ಕೆ ತಾಗಿಕೊಂಡಿರುವ ಒಳಪೊರೆ, ಒಂದೇ ಒಂದು ಕೋಶದಷ್ಟು ತೆಳು. 1980ರವರೆಗೆ ಅದನ್ನು ಬರೀ ಅಸ್ತರಿ ಎಂದೇ ಬಹುಮಂದಿ ತಿಳಿದಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ಮೇಲೆ ಕೆಲಸ ಮಾಡುತ್ತಿದ್ದಾಗ, ನಾಳವನ್ನು ಸಡಿಲಿಸಬೇಕಾದ ಔಷಧಿ ಒಮ್ಮೆ ಸಡಿಲಿಸುತ್ತಿತ್ತು, ಒಮ್ಮೆ ಬಿಗಿಯುತ್ತಿತ್ತು. ಕೊನೆಗೆ ತಿಳಿಯಿತು: ತುಂಡನ್ನು ಸಿದ್ಧಮಾಡುವಾಗ ಒಳಪೊರೆ ಉಜ್ಜಿಹೋದರೆ ಬಿಗಿ, ಉಳಿದರೆ ಸಡಿಲ! ಒಳಪೊರೆ ಹೊರಡಿಸುತ್ತಿದ್ದ ಆ ಸಂದೇಶ ನೈಟ್ರಿಕ್ ಆಕ್ಸೈಡ್, ಕೆಲವೇ ಕ್ಷಣ ಬಾಳುವ ಒಂದು ಅನಿಲ. ವಾಹನದ ಹೊಗೆಯಲ್ಲಿ ವಿಷವೆನಿಸಿದ ಅನಿಲವೇ ನಾಳದ ಒಳಗೆ ಜೀವ ಕಾಯುತ್ತಿದೆ. 1998ರ ನೊಬೆಲ್ ಬಹುಮಾನ ಈ ಕೆಲಸಕ್ಕೆ ಸಂದಿತು. ಫರ್ಚ್‌ಗಾಟ್ ಜೊತೆ ಇಗ್ನಾರೊ ಮತ್ತು ಮುರಾದ್ ಹಂಚಿಕೊಂಡರು.

ಒಳಪೊರೆ ಈ ಅನಿಲ ಹೊರಡಿಸಲು ಏನು ಬೇಕು? ರಕ್ತ ಅದರ ಮೇಲೆ ರಭಸದಿಂದ ಸವರಿಕೊಂಡು ಹೋಗಬೇಕು, ಅಷ್ಟೆ. ಕುಳಿತಾಗ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ದೂಡಿದರೆ, ಚೆನ್ನಾಗಿ ಓಡುವಾಗ ಇಪ್ಪತ್ತು ಲೀಟರ್‌ಗೂ ಮೇಲೆ. ಆ ಹೊಳೆ ಹರಿದಷ್ಟು ಹೊತ್ತೂ ಒಳಪೊರೆಯ ಕೋಶಗಳು ತಮ್ಮ ಅನಿಲ ತಯಾರಿಸುವ ಕಿಣ್ವವನ್ನು ಹುರುಪುಗೊಳಿಸುತ್ತವೆ, ದಿನದಿನವೂ ಹರಿದರೆ ಕಿಣ್ವವನ್ನೇ ಹೆಚ್ಚು ಕಟ್ಟಿಕೊಳ್ಳುತ್ತವೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ರೈನರ್ ಹಾಂಬ್ರೆಖ್ಟ್ ತಂಡ 2003ರಲ್ಲಿ ಇದನ್ನು ಮನುಷ್ಯನ ನಾಳದಲ್ಲೇ ತೋರಿಸಿತು. ಬೈಪಾಸ್ ಶಸ್ತ್ರಕ್ರಿಯೆಗೆ ಕಾದಿದ್ದ ರೋಗಿಗಳಲ್ಲಿ ಕೆಲವರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಶಸ್ತ್ರಕ್ರಿಯೆಯ ದಿನ ಎದೆಯ ನಾಳದಿಂದ ಸಿಕ್ಕ ಚಿಕ್ಕ ತುಣುಕನ್ನು ಪರೀಕ್ಷಿಸಿದರು. ವ್ಯಾಯಾಮ ಮಾಡಿದವರಲ್ಲಿ ಆ ಕಿಣ್ವ ಎರಡರಷ್ಟು, ಚುರುಕುಗೊಂಡ ಸ್ಥಿತಿಯಲ್ಲಿದ್ದದ್ದು ನಾಲ್ಕರಷ್ಟು! ಹೃದ್ರೋಗಿಗಳಲ್ಲಿ, ನಾಲ್ಕೇ ವಾರದಲ್ಲಿ.

ಇಷ್ಟು ಓದಿದ ಮೇಲೆ ಎಲ್ಲ ಕಸರತ್ತೂ ಒಂದೇ ಫಲ ಕೊಡುತ್ತದೆ ಎಂದುಕೊಳ್ಳುವುದು ಸಹಜ. ಇಲ್ಲಿ ಕಥೆ ಅನಿರೀಕ್ಷಿತವಾಗಿ ತಿರುಗುತ್ತದೆ. 1985ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ದೇಹದಾರ್ಢ್ಯಪಟುಗಳ ನಾಳದೊಳಗೇ ಒತ್ತಡಮಾಪಕ ಇಟ್ಟು, ಎರಡೂ ಕಾಲಿನಿಂದ ಭಾರೀ ತೂಕ ಒತ್ತಲು ಹೇಳಿದರು. ಸರಾಸರಿ ಒತ್ತಡ 320/250. ಒಬ್ಬರಲ್ಲಿ 480/350! ಉಸಿರು ಬಿಗಿಹಿಡಿದು ಭಾರ ಎತ್ತುವ ಆ ಕ್ಷಣದಲ್ಲಿ ಮಹಾಪಧಮನಿ ತಡೆಯುವುದು ಇದನ್ನು. 2004ರಲ್ಲಿ ಜಪಾನಿನ ಮಿಯಾಚಿ ಮತ್ತು ಸಂಗಡಿಗರು 20ರಿಂದ 38 ವಯಸ್ಸಿನ 28 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾಲ್ಕು ತಿಂಗಳು ತೂಕದ ತರಬೇತಿ ಕೊಟ್ಟರು. ಕ್ಯಾರೊಟಿಡ್ ನಾಳದ ಹಿಗ್ಗುವ ಗುಣ ನೂರಕ್ಕೆ 19ರಷ್ಟು ಕುಸಿಯಿತು. ತೋಳು ತೊಡೆ ಬಲಿತವು, ನಾಳ ಬಿಗಿಯಿತು! ತರಬೇತಿ ನಿಲ್ಲಿಸಿ ನಾಲ್ಕು ತಿಂಗಳು ಬಿಟ್ಟಾಗ ಮೊದಲಿನಂತಾಯಿತು.

ಹಾಗಂತ ತೂಕ ಎತ್ತುವುದೇ ಬೇಡ ಎನ್ನಲಾಗದು. ಈ ಬಿಗಿತ ಕಂಡದ್ದು ಮುಖ್ಯವಾಗಿ ಎಳೆಯರಲ್ಲಿ, ಅದೂ ಭಾರೀ ತೂಕದಲ್ಲಿ. ಹದವಾದ ತೂಕದಲ್ಲಿ, ನಡುವಯಸ್ಸಿನವರಲ್ಲಿ ಹಾಗೆ ಆಗಲಿಲ್ಲ ಎಂದು ಮುಂದಿನ ಪರೀಕ್ಷೆಗಳು ತೋರಿಸಿವೆ. ಮುಪ್ಪಿನಲ್ಲಿ ಮೂಳೆ, ಸ್ನಾಯು ಉಳಿಸಿಕೊಳ್ಳಲು ತೂಕದ ಕಸರತ್ತು ಬೇಕೇ ಬೇಕು. ಅದಕ್ಕಿಂತ ಸೋಜಿಗದ ಸಂಗತಿಯೊಂದನ್ನು 2007ರಲ್ಲಿ ಜಪಾನಿನ ಒಕಾಮೊಟೊ ತಂಡ ಕಂಡಿತು. ತೂಕ ಎತ್ತಿದ ಮೇಲೆ ಓಡಿದವರ ನಾಳ ಬಿಗಿಯಲಿಲ್ಲ. ಮೊದಲು ಓಡಿ, ಆಮೇಲೆ ತೂಕ ಎತ್ತಿದವರಿಗೆ ಆ ಲಾಭ ಸಿಗಲಿಲ್ಲ. ಮಾಡಿದ್ದು ಅದೇ ಕಸರತ್ತು, ಹಿಂದುಮುಂದಾದದ್ದು ಕ್ರಮ ಮಾತ್ರ! ನಾಳ ಅದನ್ನೂ ಗಮನಿಸುತ್ತಿದೆ.

ಎಷ್ಟು ದಿನ ಸಾಕು ಎಂಬ ಪ್ರಶ್ನೆಗೆ ಅಮೆರಿಕದ ಡಾಲಸ್‌ನಲ್ಲಿ ಶಿಬಾಟ, ಬೆಂಜಮಿನ್ ಲೆವೀನ್ ಮೊದಲಾದವರು 2018ರಲ್ಲಿ ಒಂದು ಉತ್ತರ ಕೊಟ್ಟರು. ಅರವತ್ತು ದಾಟಿದ 102 ಮಂದಿ, ಅವರು ಬದುಕಿನುದ್ದಕ್ಕೂ ವಾರಕ್ಕೆ ಎಷ್ಟು ದಿನ ವ್ಯಾಯಾಮ ಮಾಡಿದ್ದರು ಎಂಬ ವಿವರ, ಅವರ ನಾಳಗಳ ಅಳತೆ. ತಲೆ, ಕುತ್ತಿಗೆಗೆ ರಕ್ತ ಒಯ್ಯುವ ಮಧ್ಯಮ ಗಾತ್ರದ ನಾಳಗಳು ವಾರಕ್ಕೆ ಎರಡು ಮೂರು ದಿನಕ್ಕೇ ಎಳೆಯದಾಗಿ ಉಳಿದಿದ್ದವು. ಎದೆ, ಹೊಟ್ಟೆಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಅಷ್ಟಕ್ಕೆ ಒಪ್ಪಲಿಲ್ಲ, ನಾಲ್ಕೈದು ದಿನ ಕೇಳಿದವು.

ಲಂಡನ್ನಿನ ಆ 138 ಮಂದಿಯಲ್ಲೂ ನಾಳದ ಒಂದು ಭಾಗ ಅಲುಗಲೇ ಇಲ್ಲ. ಹೃದಯದಿಂದ ಹೊರಟು ಮೇಲಕ್ಕೆ ಏರುವ ಮಹಾಪಧಮನಿಯ ಮೊದಲ ತುಂಡು, ಇಲಾಸ್ಟಿನ್ ಅತಿ ದಟ್ಟವಾಗಿರುವ, ಪ್ರತಿ ಮಿಡಿತದ ಮೊದಲ ಏಟನ್ನೂ ತಿನ್ನುವ ಆ ಕೆಲವು ಅಂಗುಲ, ಆರು ತಿಂಗಳ ಹಿಂದೆ ಹೇಗಿತ್ತೋ ಹಾಗೇ ಇತ್ತು. ಆರು ತಿಂಗಳು ಅದಕ್ಕೆ ಸಾಲದೇ? ಅಲ್ಲಿ ಸ್ನಾಯುಕೋಶದ ಮಾತು ಕಡಿಮೆ ನಡೆಯುತ್ತದೆಯೇ? ಅಥವಾ ಡಾಲಸ್‌ನ ಹಿರಿಯರಂತೆ ವರ್ಷಗಟ್ಟಲೆ, ವಾರಕ್ಕೆ ನಾಲ್ಕೈದು ದಿನ ಓಡಿದರೆ ಅದೂ ಸಡಿಲವಾದೀತೇ? ಮೊದಲ ಸಲ ಮ್ಯಾರಥಾನ್ ಓಡಿದವರನ್ನು ಹತ್ತು ವರ್ಷ ಓಡಿಸುತ್ತಲೇ ಇದ್ದು, ಅದೇ ಯಂತ್ರದಲ್ಲಿ ಮತ್ತೆ ಮತ್ತೆ ಆ ಕೆಲವು ಅಂಗುಲವನ್ನು ಅಳೆದರೆ ಇದು ಗೊತ್ತಾಗುತ್ತದೆ.